ಆಸ್ಟ್ರೇಲಿಯಾದ ರಾಜಕೀಯ ಪಕ್ಷಗಳು: ಸಿಡ್ನಿ ಮತ್ತು ಮೆಲ್ಬರ್ನ್ ಚರಿತ್ರೆ

ಆಸ್ಟ್ರೇಲಿಯಾದಲ್ಲಿ ಸರ್ಕಾರ ಕಟ್ಟುವುದೂ ಕೆಡಹುವುದೂ ಪಕ್ಷಗಳೇ. ಆದರೆ 1901ರ ಜನವರಿ 1ರಂದು ಜಾರಿಗೆ ಬಂದ ಅಲ್ಲಿನ ಸಂವಿಧಾನದಲ್ಲಿ ಪಕ್ಷ ಎಂಬ ಮಾತೇ ಇರಲಿಲ್ಲ. ಪ್ರಧಾನಿ ಎಂಬ ಮಾತಂತೂ ಇಂದಿಗೂ ಇಲ್ಲ. ಪಕ್ಷಗಳು ಮೊದಲು ಬೀದಿಯಲ್ಲಿ, ಹೋಟೆಲಿನ ಕೋಣೆಯಲ್ಲಿ, ಕಾರ್ಮಿಕ ಸಂಘದ ಕಟ್ಟಡದಲ್ಲಿ ಹುಟ್ಟಿದವು. ಎಲ್ಲೋ ಒಂದು ಎಡವಟ್ಟಾದಾಗ ಮಾತ್ರ ಕಾನೂನು ಅವುಗಳ ಕಡೆ ಕಣ್ಣು ಹಾಯಿಸಿತು. ಈ ಕಥೆಯ ಬಹುಭಾಗ ನಡೆದದ್ದು ನ್ಯೂ ಸೌತ್ ವೇಲ್ಸ್‌ನ ರಾಜಧಾನಿ ಸಿಡ್ನಿಯಲ್ಲಿ ಮತ್ತು ವಿಕ್ಟೋರಿಯಾದ ರಾಜಧಾನಿ ಮೆಲ್ಬರ್ನ್‌ನಲ್ಲಿ. ಒಂದೇ ಪಕ್ಷ ಈ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಬೆಳೆದದ್ದೇ ಇದರ ಸ್ವಾರಸ್ಯ.

ಬಣಗಳ ಕಾಲ

ಆಗ ವಸಾಹತುಗಳಾಗಿದ್ದ ಈ ಎರಡೂ ರಾಜ್ಯಗಳಿಗೆ ಜವಾಬ್ದಾರಿ ಸರ್ಕಾರ, ಅಂದರೆ ಶಾಸನಸಭೆಗೆ ಉತ್ತರ ಹೇಳುವ ಸರ್ಕಾರ, ಸಿಕ್ಕಿದ್ದು 1850ರ ದಶಕದ ಮಧ್ಯದಲ್ಲಿ. 1854ರ ಡಿಸೆಂಬರ್ 3ರಂದು ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಬ್ಯಾಲರಾಟ್ ಚಿನ್ನದ ಗಣಿಯಲ್ಲಿ ಪರವಾನಗಿ ಶುಲ್ಕದ ವಿರುದ್ಧ ದಂಗೆಯಾಯಿತು. ಅದರ ಮುಂದಾಳು ಪೀಟರ್ ಲೇಲರ್ ಅಲ್ಲಿ ಒಂದು ತೋಳು ಕಳೆದುಕೊಂಡ. ಮುಂದೆ ಅದೇ ಲೇಲರ್ ವಿಕ್ಟೋರಿಯಾ ವಿಧಾನಸಭೆಯ ಸ್ಪೀಕರ್ ಆದ. 1856ರಲ್ಲಿ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾ ಗುಪ್ತ ಮತದಾನವನ್ನು ಕಾನೂನಾಗಿಸಿದವು. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರೂ ಇರುತ್ತಿತ್ತು. ಮತದಾರ ಮರೆಗೆ ಹೋಗಿ ಬೇಡದವರ ಹೆಸರು ಹೊಡೆದುಹಾಕಬೇಕಿತ್ತು. ಇದನ್ನು ಜಗತ್ತು ‘ಆಸ್ಟ್ರೇಲಿಯನ್ ಬ್ಯಾಲಟ್’ ಎಂದೇ ಕರೆಯಿತು. ನಮ್ಮ ಮತಗಟ್ಟೆಯ ಮೂಲೆಯಲ್ಲಿ ನಿಲ್ಲಿಸುವ ರಟ್ಟಿನ ಮರೆಗೆ ಅದೇ ಮುತ್ತಜ್ಜ.

ಮತದಾನ ಹೀಗೆ ಆಧುನಿಕವಾದರೂ ಪಕ್ಷಗಳಿನ್ನೂ ಇರಲಿಲ್ಲ. ಇದ್ದದ್ದು ಬಣಗಳು. ಸಿಡ್ನಿಯಲ್ಲಿ ಚಾರ್ಲ್ಸ್ ಕೂಪರ್, ಜಾನ್ ರಾಬರ್ಟ್‌ಸನ್, ಹೆನ್ರಿ ಪಾರ್ಕ್ಸ್ ತಮ್ಮ ಸುತ್ತ ಜನ ಸೇರಿಸಿಕೊಂಡು ಸರದಿಯಂತೆ ಅಧಿಕಾರ ಹಿಡಿದರು. ಪಾರ್ಕ್ಸ್ ಐದು ಬಾರಿ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವನು, ಆದ. ಶಾಸಕರು ಇಂದು ಈ ಕಡೆ, ನಾಳೆ ಆ ಕಡೆ. ತಮ್ಮ ಊರಿಗೆ ರಸ್ತೆಯೋ ಸೇತುವೆಯೋ ಬಂದರೆ ಸಾಕು. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಣಗಳಿಗೆ ಮೊದಲು ತತ್ವದ ಬಣ್ಣ ಬಳಿದದ್ದು ಆಮದು ಸುಂಕ. ಬಂದರಿನ ವ್ಯಾಪಾರದಿಂದ ಬೆಳೆದ ಸಿಡ್ನಿ ಮುಕ್ತ ವ್ಯಾಪಾರದ ಊರು. ಚಿನ್ನ ಕರಗಿದ ಮೇಲೆ ಕಾರ್ಖಾನೆ ನಂಬಿಕೊಂಡ ಮೆಲ್ಬರ್ನ್ ಸುಂಕದ ಗೋಡೆ ಬಯಸಿತು. ಡೇವಿಡ್ ಸೈಮ್‌ನ ‘ದಿ ಏಜ್’ ಪತ್ರಿಕೆ ಆ ಗೋಡೆಯ ಕಾವಲುಗಾರ. ಎರಡು ವಸಾಹತುಗಳ ನಡುವಿನ ಮರ್ರೆ ನದಿಯ ದಂಡೆಯಲ್ಲಿ ಸುಂಕದ ಕಟ್ಟೆಗಳಿದ್ದವು. ರೈಲು ಹಳಿಯ ಅಗಲವೂ ಬೇರೆಬೇರೆಯಾಗಿದ್ದರಿಂದ ಪ್ರಯಾಣಿಕರು ಗಡಿಯ ಆಲ್ಬರಿಯಲ್ಲಿ ಇಳಿದು ಬೇರೆ ರೈಲು ಹತ್ತಬೇಕಿತ್ತು.

ಬಾಲ್ಮೇನ್‌ನ ಪ್ರತಿಜ್ಞೆ

ಮೆಲ್ಬರ್ನ್‌ನ ಕಲ್ಲುಕುಟಿಗರು 1856ರ ಏಪ್ರಿಲ್ 21ರಂದು ಕೆಲಸ ಬಿಟ್ಟು ಮೆರವಣಿಗೆ ಹೋಗಿ ದಿನಕ್ಕೆ ಎಂಟು ಗಂಟೆ ದುಡಿಮೆಯ ಹಕ್ಕು ಗೆದ್ದಿದ್ದರು. ಸಂಘ ಕಟ್ಟಿದರೆ ಸಾಕು, ರಾಜಕೀಯ ಬೇಕಿಲ್ಲ ಎಂಬ ಭಾವನೆ ಮೂರು ದಶಕ ನಡೆಯಿತು. 1890ರ ಹಡಗು ಮುಷ್ಕರ ಆ ಭಾವನೆಯನ್ನು ಒಡೆಯಿತು. ಬಂದರು, ಗಣಿ, ಉಣ್ಣೆ ಕೊಟ್ಟಿಗೆಗಳಿಗೆ ಹಬ್ಬಿದ ಆ ಮುಷ್ಕರವನ್ನು ಮಾಲೀಕರು ಸರ್ಕಾರದ ಬೆಂಬಲದೊಂದಿಗೆ ಬಗ್ಗುಬಡಿದರು. ಬೀದಿಯಲ್ಲಿ ಸೋತವರು ಶಾಸನಸಭೆಯ ಬಾಗಿಲು ತಟ್ಟಲು ಹೊರಟರು. ಸಿಡ್ನಿ ಬಂದರಿನ ಪಕ್ಕದ ಬಾಲ್ಮೇನ್ ಆಗ ಹಡಗುಕಟ್ಟೆ, ಕಾರ್ಖಾನೆಗಳ ಕೂಲಿಕಾರರ ಬಡಾವಣೆ. ಅಲ್ಲಿನ ಯೂನಿಟಿ ಹಾಲ್ ಹೋಟೆಲಿನಲ್ಲಿ 1891ರ ಏಪ್ರಿಲ್‌ನಲ್ಲಿ ಲೇಬರ್ ಎಲೆಕ್ಟೋರಲ್ ಲೀಗ್‌ನ ಶಾಖೆ ಸೇರಿತು. ಇಂದು ಆ ಬಡಾವಣೆಯಲ್ಲಿ ಮನೆ ಕೊಳ್ಳುವುದು ಕೂಲಿಕಾರರ ಮಾತಲ್ಲ. ಹೋಟೆಲ್ ಮಾತ್ರ ಲೇಬರ್ ಪಕ್ಷದ ತೊಟ್ಟಿಲು ತಾನೇ ಎಂದು ಹೇಳಿಕೊಳ್ಳುತ್ತದೆ.

ಕೆಲವೇ ವಾರಗಳಲ್ಲಿ ಬಂದ ಚುನಾವಣೆಯಲ್ಲಿ 141 ಸ್ಥಾನಗಳ ಪೈಕಿ 35 ಲೇಬರ್ ಪಾಲಾದವು. ಸಭೆಯೊಳಗೆ ಕಾಲಿಡುತ್ತಿದ್ದಂತೆ ಸುಂಕದ ಪ್ರಶ್ನೆಯೇ ಅವರನ್ನು ಇಬ್ಭಾಗ ಮಾಡಿತು. ಹೊರಗಿದ್ದ ಸಂಘಗಳಿಗೆ ರೇಗಿತು. ಕೂಲಿಯ ದುಡ್ಡಿನಲ್ಲಿ ಚಂದಾ ಕೊಟ್ಟು ಗೆಲ್ಲಿಸಿದವರು ಒಳಗೆ ಹೋಗಿ ತಮಗೆ ತೋಚಿದಂತೆ ಕೈಯೆತ್ತುವುದಾದರೆ ಪಕ್ಷವೇಕೆ? ಹೀಗೆ ಪ್ರತಿಜ್ಞೆ ಬಿಗಿಯಾಯಿತು. ಲೇಬರ್ ಶಾಸಕರು ತಮ್ಮತಮ್ಮಲ್ಲಿ ಎಷ್ಟು ಬೇಕಾದರೂ ಜಗಳವಾಡಬಹುದು, ಆದರೆ ಶಾಸಕರ ಸಭೆ, ಅಂದರೆ ಕಾಕಸ್, ಬಹುಮತದಿಂದ ತೀರ್ಮಾನಿಸಿದ ಮೇಲೆ ಎಲ್ಲರೂ ಹಾಗೆಯೇ ಮತ ಹಾಕಬೇಕು. ಈ ಪ್ರತಿಜ್ಞೆಗೆ ಸಹಿ ಹಾಕಲು ಒಪ್ಪದೆ 1894ರಲ್ಲಿ ಹೊರನಡೆದವರಲ್ಲಿ ಪಕ್ಷದ ನಾಯಕನೇ ಇದ್ದ. ಲಿತ್‌ಗೋ ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದ ಆ ಜೋಸೆಫ್ ಕುಕ್ 1913ರಲ್ಲಿ ದೇಶದ ಪ್ರಧಾನಿಯೂ ಆದ, ಲೇಬರ್‌ನ ಎದುರು ಪಾಳೆಯದಿಂದ!

ನನ್ನ ಎಣಿಕೆಯಲ್ಲಿ ಆಸ್ಟ್ರೇಲಿಯಾದ ಪಕ್ಷ ಚರಿತ್ರೆಯಲ್ಲಿ ಈ ಪ್ರತಿಜ್ಞೆಗಿಂತ ದೊಡ್ಡ ಘಟನೆ ಇಲ್ಲ. ಪಕ್ಷಾಂತರ ತಡೆಯಲು ನಾವು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿಸಬೇಕಾಯಿತು. ಅದಾದ ಮೇಲೂ ಶಾಸಕರನ್ನು ಬಸ್ಸಿನಲ್ಲಿ ತುಂಬಿಸಿ ರೆಸಾರ್ಟಿಗೆ ಸಾಗಿಸುವುದು ನಿಂತಿಲ್ಲ. ಅಲ್ಲಿ ಅಂಥ ಕಾನೂನೇ ಇಲ್ಲ. ಎದುರು ಸಾಲಿಗೆ ಹೋಗಿ ಕೂತು ಮತ ಹಾಕಿದವರ ಸ್ಥಾನಕ್ಕೆ ಕುತ್ತಿಲ್ಲ, ಪಕ್ಷದ ಮನೆಯ ಬಾಗಿಲು ಮಾತ್ರ ಮುಚ್ಚುತ್ತದೆ. 2024ರಲ್ಲಿ ಪ್ಯಾಲೆಸ್ಟೈನ್ ಪ್ರಶ್ನೆಯ ಮೇಲೆ ಹೀಗೆ ಮಾಡಿದ ಸೆನೆಟರ್ ಫಾತಿಮಾ ಪೇಮನ್ ಲೇಬರ್‌ನಿಂದ ಹೊರಬಂದರು, ಸೆನೆಟ್‌ನಲ್ಲಿ ಉಳಿದರು.

ಮೂರು ಹನ್ನೊಂದರ ತಂಡಗಳು

1901ರಲ್ಲಿ ವಸಾಹತುಗಳು ಒಂದು ದೇಶವಾಗಿ ಸೇರಿದಾಗ ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಒಕ್ಕೂಟದ ಘೋಷಣೆಯಾಯಿತು, ಮೊದಲ ಸಂಸತ್ತು ಮಾತ್ರ ಮೆಲ್ಬರ್ನ್‌ನಲ್ಲಿ ಸೇರಿತು. ಎರಡು ಊರುಗಳ ಹೊಟ್ಟೆಕಿಚ್ಚಿಗೆ ಸಂವಿಧಾನವೇ ಮದ್ದು ಬರೆದಿತ್ತು: ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರದಲ್ಲಿ, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ. ಈ ‘ಅಲ್ಲಿಯವರೆಗೆ’ 1927ರ ತನಕ ಎಳೆಯಿತು. 1901ರ ಮೇ 9ರಂದು ಸಂಸತ್ತಿನ ಉದ್ಘಾಟನೆ. ಹಿಂದಿನ ದಿನವೇ ಲೇಬರ್ ಸದಸ್ಯರು ಸ್ಪ್ರಿಂಗ್ ಸ್ಟ್ರೀಟಿನ ಸಂಸತ್ ಭವನದ ನೆಲಮಾಳಿಗೆಯ ಕೋಣೆಯಲ್ಲಿ ಮೊದಲ ಕಾಕಸ್ ನಡೆಸಿದ್ದರು.

ಆಗ ಮೂರು ಗುಂಪುಗಳಿದ್ದವು: ಮೆಲ್ಬರ್ನ್ ನೆಲೆಯ ಸಂರಕ್ಷಣಾವಾದಿಗಳು, ಸಿಡ್ನಿ ನೆಲೆಯ ಮುಕ್ತ ವ್ಯಾಪಾರದವರು, ಲೇಬರ್. ಯಾರಿಗೂ ಬಹುಮತವಿಲ್ಲ. ಒಂದು ಕ್ರಿಕೆಟ್ ಪಂದ್ಯದಲ್ಲಿ ಮೂರು ತಂಡ ಆಡಿದರೆ ಹೇಗಿರುತ್ತದೆ ಎಂದು ಪ್ರಧಾನಿ ಆಲ್ಫ್ರೆಡ್ ಡೀಕಿನ್ 1904ರಲ್ಲಿ ಕೇಳಿದರು. ಒಂದು ತಂಡ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಫೀಲ್ಡಿಂಗ್ ಮಾಡಿದರೆ ಆಟ ನಡೆಯುವುದೆಂತು? ಅದೇ ವರ್ಷ ಏಪ್ರಿಲ್‌ನಲ್ಲಿ ಅವರ ಸರ್ಕಾರ ಬಿದ್ದು ಕ್ರಿಸ್ ವಾಟ್ಸನ್‌ನ ಲೇಬರ್ ಸರ್ಕಾರ ಬಂತು. ಇಡೀ ರಾಷ್ಟ್ರದ ಮಟ್ಟದಲ್ಲಿ ಕಾರ್ಮಿಕ ಪಕ್ಷವೊಂದು ಅಧಿಕಾರ ಹಿಡಿದದ್ದು ಜಗತ್ತಿನಲ್ಲೇ ಮೊದಲು. ಅದು ಬದುಕಿದ್ದು ನಾಲ್ಕು ತಿಂಗಳಷ್ಟೇ. 1909ರಲ್ಲಿ ಡೀಕಿನ್ ಮತ್ತು ಕುಕ್‌ರ ಗುಂಪುಗಳು ಒಂದಾದವು. ಅಲ್ಲಿಂದ ಲೇಬರ್ ಒಂದು ಕಡೆ, ಲೇಬರ್‌ಗೆ ಎದುರಾದವರೆಲ್ಲ ಇನ್ನೊಂದು ಕಡೆ.

ಈ ಮೂರೂ ತಂಡಗಳಲ್ಲಿ ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ಕಾಯ್ದೆ 1901ರಲ್ಲೇ ಬಂತು. ಅದರಲ್ಲಿ ಲೇಬರ್ ಎಲ್ಲರಿಗಿಂತ ಗಟ್ಟಿ. 1902ರ ಮತಾಧಿಕಾರ ಕಾಯ್ದೆ ಬಿಳಿ ಹೆಂಗಸರಿಗೆ ಮತ ಕೊಟ್ಟು ಆದಿವಾಸಿಗಳನ್ನೂ ಏಷ್ಯಾ, ಆಫ್ರಿಕಾ ಮೂಲದವರನ್ನೂ ಹೊರಗಿಟ್ಟಿತು. ಅದಾಗಲೇ ನೆಲೆಸಿದ್ದ ಭಾರತೀಯರ ಪರವಾಗಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿ 1922ರಲ್ಲಿ ಆ ದೇಶ ಸುತ್ತಿ ವಾದಿಸಿದರು. 1924ರಲ್ಲಿ ಮೆಲ್ಬರ್ನ್ ನಿವಾಸಿ ಮಿಟ್ಟಾ ಬುಲ್ಲೋಷ್ ನ್ಯಾಯಾಲಯಕ್ಕೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಗಿಟ್ಟಿಸಿಕೊಂಡರು. ಮರುವರ್ಷ ಅಲ್ಲಿದ್ದ ಬ್ರಿಟಿಷ್ ಇಂಡಿಯಾದವರಿಗೆಲ್ಲ ಒಕ್ಕೂಟದ ಮತ ಸಿಕ್ಕಿತು. ಅವರ ಪರವಾಗಿ ಬೀದಿಗಿಳಿದ ದೊಡ್ಡ ಪಕ್ಷ ಒಂದೂ ಇರಲಿಲ್ಲ.

ಮತಪತ್ರದ ಮೇಲಿನ ಅಂಕಿಗಳು

1918ರ ಅಕ್ಟೋಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ಕ್ಷೇತ್ರದ ಉಪಚುನಾವಣೆ. ರೈತರ ಪಕ್ಷ ಮತ್ತು ಆಳುತ್ತಿದ್ದ ನ್ಯಾಷನಲಿಸ್ಟರು ಮತ ಹಂಚಿಕೊಂಡು, ಶೇ. 34ರ ಆಸುಪಾಸು ಮತ ಪಡೆದ ಲೇಬರ್‌ನ 22ರ ಹುಡುಗ ಗೆದ್ದುಬಿಟ್ಟ. ಸರ್ಕಾರ ಕೂಡಲೇ ಕಾನೂನು ಬದಲಿಸಿತು. ಅದೇ ಡಿಸೆಂಬರ್‌ನಿಂದ ಮತದಾರರು ಅಭ್ಯರ್ಥಿಗಳ ಎದುರು 1, 2, 3 ಎಂದು ಬರೆಯತೊಡಗಿದರು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯದ ಮತ ಹೊಸದಲ್ಲ. ಕೊನೆಯವನನ್ನು ಕೈಬಿಟ್ಟು ಅವನ ಮತಗಳನ್ನು ಎರಡನೆಯ ಆಯ್ಕೆಗೆ ಹಂಚುತ್ತ ಹೋಗುವುದು, ಯಾರಾದರೊಬ್ಬರು ಅರ್ಧ ದಾಟುವವರೆಗೆ. ಒಂದು ಪಕ್ಷವನ್ನು ತಡೆಯಲೆಂದು ತಂದ ಈ ಏರ್ಪಾಡು ದೇಶದ ಪಕ್ಷಗಳ ನಕ್ಷೆಯನ್ನೇ ಬರೆಯಿತು. ಕಂಟ್ರಿ ಪಕ್ಷ (ಈಗಿನ ನ್ಯಾಷನಲ್ಸ್) ಧೈರ್ಯವಾಗಿ ಬೇರೆ ನಿಲ್ಲಬಹುದಾಯಿತು. 1923ರಲ್ಲಿ ಅದು ಮೆಲ್ಬರ್ನ್‌ನ ಸ್ಟ್ಯಾನ್ಲಿ ಬ್ರೂಸ್ ಜೊತೆ ಸೇರಿ ಸರ್ಕಾರ ಮಾಡಿತು.

ಮೆಲ್ಬರ್ನ್ ನಗರದ ಕ್ಷೇತ್ರವೊಂದನ್ನೇ ನೋಡಿದರೆ ಈ ಅಂಕಿಗಳ ಆಟ ತಿಳಿಯುತ್ತದೆ. 1904ರಿಂದ ಅದು ಲೇಬರ್‌ನ ಗಂಟು. 2010ರಲ್ಲಿ ಮೊದಲ ಎಣಿಕೆಯಲ್ಲಿ ಲೇಬರ್‌ಗೆ ಶೇ. 38, ಗ್ರೀನ್ಸ್‌ನ ಆಡಂ ಬ್ಯಾಂಟ್‌ಗೆ ಶೇ. 36. ಲೇಬರ್‌ನ ಮುಖ್ಯ ಎದುರಾಳಿಯಾದ ಲಿಬರಲ್ ಪಕ್ಷಕ್ಕೆ ಮತ ಹಾಕಿದವರ ಮುಂದಿನ ಆಯ್ಕೆ ಹೆಚ್ಚಾಗಿ ಗ್ರೀನ್ಸ್ ಆಗಿತ್ತು, ಏಕೆಂದರೆ ಅವರ ಪಕ್ಷ ಹಂಚಿದ ಚೀಟಿಯಲ್ಲಿ ಹಾಗೆ ಅಚ್ಚಾಗಿತ್ತು. ಬ್ಯಾಂಟ್ ಶೇ. 56ರೊಂದಿಗೆ ಗೆದ್ದರು. 2025ರಲ್ಲಿ ಇದೇ ತಿರುಗುಬಾಣವಾಯಿತು. ಮೊದಲ ಎಣಿಕೆಯಲ್ಲಿ ಮುಂದಿದ್ದ ಬ್ಯಾಂಟ್, ಅಷ್ಟು ಹೊತ್ತಿಗೆ ಪಕ್ಷದ ನಾಯಕರೇ ಆಗಿದ್ದವರು, ಹಂಚಿಕೆಯಲ್ಲಿ ಲೇಬರ್‌ನ ಸಾರಾ ವಿಟಿಗೆ ಸೋತರು.

ಆ ಚೀಟಿಯ ಮಹಿಮೆ ನೋಡಬೇಕಾದರೆ ಮತದಾನದ ಶನಿವಾರ ಯಾವುದಾದರೂ ಬಡಾವಣೆಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಬೇಲಿಯುದ್ದಕ್ಕೂ ಅಭ್ಯರ್ಥಿಗಳ ಮುಖವಿರುವ ಪ್ಲಾಸ್ಟಿಕ್ ಹಲಗೆಗಳು. ಪಕ್ಷಕ್ಕೊಂದು ಬಣ್ಣದ ಟೀ ಶರ್ಟು ತೊಟ್ಟ ಕಾರ್ಯಕರ್ತರು ‘ಹೌ ಟು ವೋಟ್’ ಚೀಟಿ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. ಬಾಗಿಲಿನಿಂದ 6 ಮೀಟರ್ ಬಿಟ್ಟರೆ ಸಾಕು. ನಮ್ಮ 100 ಮೀಟರಿನ ಗೆರೆ ನೋಡಿ ಬೆಳೆದವರಿಗೆ ಇದು ತೀರಾ ಮೈಮೇಲೆ ಬಿದ್ದಂತೆ. ಎದುರಾಳಿಗಳು ಬಿಸಿಲಿಗೆ ಒಂದೇ ಕೊಡೆಯಡಿ ಹರಟುತ್ತಿರುತ್ತಾರೆ. ಪಕ್ಕದಲ್ಲಿ ಶಾಲೆಯ ಪೋಷಕರು ನಿಧಿ ಸಂಗ್ರಹಕ್ಕೆಂದು ಕಬ್ಬಿಣದ ಹಂಚಿನ ಮೇಲೆ ಸಾಸೇಜು ಸುಡುತ್ತ, ಈರುಳ್ಳಿಯೊಂದಿಗೆ ಬ್ರೆಡ್ಡಿಗೆ ಸುತ್ತಿ ಮಾರುತ್ತಾರೆ. ‘ಡೆಮಾಕ್ರಸಿ ಸಾಸೇಜ್’ ಎಂಬ ಆ ಮಾತು 2016ರಲ್ಲಿ ಅಲ್ಲಿನ ವರ್ಷದ ಪದವಾಗಿ ಆಯ್ಕೆಯಾಗಿತ್ತು. ಒಳಗೆ ಕೆಳಮನೆಗೆ ಹಸಿರು ಮತಪತ್ರ, ಸೆನೆಟ್‌ಗೆ ಮೇಜಿನಗಲದ ಬಿಳಿ ಮತಪತ್ರ, ಕೈಗೊಂದು ಪೆನ್ಸಿಲ್. ಇಷ್ಟು ಜನ ಬರುವುದಕ್ಕೆ ಕಾರಣ 1924ರ ಕಾನೂನು. 1922ರಲ್ಲಿ ಮತದಾನ ಶೇ. 60ನ್ನೂ ಮುಟ್ಟಲಿಲ್ಲ. ಕಡ್ಡಾಯ ಮಾಡಿದ ಮೇಲೆ 1925ರಲ್ಲಿ ಶೇ. 91 ದಾಟಿತು. ಈಗ ಮತ ಹಾಕದಿದ್ದರೆ ದಂಡ 20 ಡಾಲರ್. ಮತದಾರರನ್ನು ಮನೆಯಿಂದ ಹೊರಡಿಸುವ ಖರ್ಚು, ಗಾಡಿಯ ಏರ್ಪಾಡು, ಕೊನೆಯ ರಾತ್ರಿಯ ಓಡಾಟ ಯಾವುದೂ ಅಲ್ಲಿನ ಪಕ್ಷಗಳ ತಲೆಮೇಲಿಲ್ಲ.

ಎರಡು ಊರು, ಎರಡು ಲೇಬರ್

ಲೇಬರ್ ಮೂರು ಬಾರಿ ಸೀಳಿತು. ಮೊದಲನೆಯದು 1916ರಲ್ಲಿ. ಬಾಲ್ಮೇನ್‌ನಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಬಿಲ್ಲಿ ಹ್ಯೂಸ್ ಪ್ರಧಾನಿಯಾಗಿದ್ದು, ಯುದ್ಧಕ್ಕೆ ಕಡ್ಡಾಯ ಸೈನ್ಯ ಸೇರ್ಪಡೆ ಬೇಕೆಂದು ಜನಮತ ಕೇಳಿ ಸೋತರು. ಕಾಕಸ್ ತಿರುಗಿಬಿದ್ದಾಗ ಹಿಂಬಾಲಕರನ್ನು ಕರೆದುಕೊಂಡು ಹೊರನಡೆದು, ಎದುರಾಳಿಗಳ ಜೊತೆ ಸೇರಿ ಪ್ರಧಾನಿಯಾಗಿಯೇ ಉಳಿದರು. ಎರಡನೆಯದು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ. ಸಾಲದ ಬಡ್ಡಿ ತಡೆಹಿಡಿದ ಸಿಡ್ನಿಯ ಪ್ರೀಮಿಯರ್ ಜ್ಯಾಕ್ ಲ್ಯಾಂಗ್ ಒಕ್ಕೂಟದ ಲೇಬರ್‌ನಿಂದ ಬೇರೆಯಾದ. 1932ರ ಮಾರ್ಚ್‌ನಲ್ಲಿ ಅವನು ಹಾರ್ಬರ್ ಸೇತುವೆಯ ರಿಬ್ಬನ್ ಕತ್ತರಿಸುವ ಮೊದಲೇ ಬಲಪಂಥೀಯ ಸವಾರನೊಬ್ಬ ಕುದುರೆಯೇರಿ ಬಂದು ಕತ್ತಿಯಿಂದ ಕತ್ತರಿಸಿಬಿಟ್ಟ. ರಿಬ್ಬನ್ ಮತ್ತೆ ಕಟ್ಟಿದರು, ಲ್ಯಾಂಗ್ ಕತ್ತರಿಸಿದ. ಎರಡು ತಿಂಗಳಲ್ಲಿ ಗವರ್ನರ್ ಅವನ ಸರ್ಕಾರವನ್ನೇ ಕತ್ತರಿಸಿದರು.

ಮೂರನೆಯ ಸೀಳು ಮೆಲ್ಬರ್ನ್‌ನದು, ಆಳವಾದದ್ದೂ ಅದೇ. ಕಾರ್ಮಿಕ ಸಂಘಗಳಲ್ಲಿ ಕಮ್ಯುನಿಸ್ಟರನ್ನು ಎದುರಿಸಲು ಬಿ. ಎ. ಸಾಂಟಮರಿಯಾ ಎಂಬ ಕ್ಯಾಥೊಲಿಕ್ ಚಿಂತಕ ‘ಮೂವ್‌ಮೆಂಟ್’ ಎಂಬ ಗುಟ್ಟಿನ ಸಂಘಟನೆ ಕಟ್ಟಿದ್ದರು. ಆರ್ಚ್‌ಬಿಷಪ್ ಡೇನಿಯಲ್ ಮ್ಯಾನಿಕ್ಸ್‌ರ ಆಶೀರ್ವಾದವಿತ್ತು. 1954ರ ಅಕ್ಟೋಬರಿನಲ್ಲಿ ಲೇಬರ್ ನಾಯಕ ಎಚ್. ವಿ. ಇವಾಟ್ ಅದನ್ನು ಬಹಿರಂಗವಾಗಿ ದೂರಿದರು. ಮರುವರ್ಷ ಪಕ್ಷ ಒಡೆಯಿತು, ವಿಕ್ಟೋರಿಯಾದ ಜಾನ್ ಕೇನ್ ಸರ್ಕಾರ ಒಡೆದು ಹೋದವರ ಮತದಿಂದಲೇ ಬಿತ್ತು. ಅಣ್ಣ ತಮ್ಮ ಮಾತು ಬಿಟ್ಟ, ಚರ್ಚಿನಲ್ಲಿ ಬೆಂಚು ಬದಲಿಸಿದ ಮನೆಗಳಿದ್ದವು. ಸಿಡ್ನಿಯಲ್ಲಿ ಕಾರ್ಡಿನಲ್ ಗಿಲ್ರಾಯ್ ಪಕ್ಷ ಒಡೆಯಲು ಒಪ್ಪಲಿಲ್ಲ. ಅಲ್ಲಿ ಲೇಬರ್ 1941ರಿಂದ 1965ರವರೆಗೆ ಒಂದೇ ಸಮ ಆಳಿತು. ಪ್ರೀಮಿಯರ್ ಜೋ ಕೇಹಿಲ್ ಹಟ ಹಿಡಿದು ಆಪೆರಾ ಹೌಸ್ ಕೆಲಸ ಶುರುಮಾಡಿಸಿದ್ದು ಆ ನೆಮ್ಮದಿಯಲ್ಲೇ. ಮೆಲ್ಬರ್ನ್‌ನಲ್ಲಿ ಲೇಬರ್ ಮತ್ತೆ ಗೆದ್ದದ್ದು 1982ರಲ್ಲಿ, ಅದೂ ಬಿದ್ದ ಕೇನ್‌ರ ಮಗ ಜಾನ್ ಕೇನ್‌ರ ಮುಂದಾಳತ್ವದಲ್ಲಿ. ಒಡೆದವರು ಕಟ್ಟಿದ ಡೆಮಾಕ್ರಟಿಕ್ ಲೇಬರ್ ಪಕ್ಷ ಕೆಳಮನೆಯಲ್ಲಿ ಸ್ಥಾನ ಗೆಲ್ಲದಿದ್ದರೂ ತನ್ನ ಎರಡನೆಯ ಪ್ರಾಶಸ್ತ್ಯವನ್ನು ಲೇಬರ್‌ನ ಎದುರಾಳಿಗಳಿಗೆ ಕೊಡುತ್ತ ಬಂತು. ಲೇಬರ್ 1972ರವರೆಗೆ ಒಕ್ಕೂಟದಲ್ಲಿ ಹೊರಗೇ ಉಳಿಯಲು ಅದೊಂದು ಮುಖ್ಯ ಕಾರಣ.

ಅದರ ಲಾಭ ಉಂಡವರು ರಾಬರ್ಟ್ ಮೆನ್ಜೀಸ್. ಮೆಲ್ಬರ್ನ್‌ನ ಕೂಯಾಂಗ್ ಕ್ಷೇತ್ರದ ಈ ವಕೀಲ, ಚದುರಿದ್ದ ಲೇಬರ್ ವಿರೋಧಿ ಸಂಘಟನೆಗಳನ್ನು 1944ರ ಡಿಸೆಂಬರಿನಲ್ಲಿ ಆಲ್ಬರಿಗೆ ಕರೆದರು. ಒಂದು ಕಾಲಕ್ಕೆ ಸುಂಕದ ಕಟ್ಟೆಯಿದ್ದ ಅದೇ ಗಡಿಯೂರು. ಸಿಡ್ನಿಯವರೂ ಮೆಲ್ಬರ್ನ್‌ನವರೂ ಮುನಿಸಿಲ್ಲದೆ ಕೂರಬಲ್ಲ ಜಾಗ. ಅಲ್ಲಿ ರೂಪಗೊಂಡ ಲಿಬರಲ್ ಪಕ್ಷವನ್ನು 1945ರ ಆಗಸ್ಟ್ 31ರಂದು ಸಿಡ್ನಿ ಟೌನ್ ಹಾಲ್‌ನಲ್ಲಿ ಉದ್ಘಾಟಿಸಿದರು. 1949ರಲ್ಲಿ ಗೆದ್ದ ಮೆನ್ಜೀಸ್ 1966ರವರೆಗೆ ಇಳಿಯಲಿಲ್ಲ.

ಸಂವಿಧಾನದೊಳಗೆ ಪಕ್ಷ

1972ರ ನವೆಂಬರ್ 13ರಂದು ಪಶ್ಚಿಮ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಪ್ರಚಾರ ಶುರುಮಾಡಿದ ಗಾಫ್ ವಿಟ್ಲಂ ಲೇಬರ್‌ಗೆ 23 ವರ್ಷಗಳ ನಂತರ ಅಧಿಕಾರ ತಂದರು. ಮೂರು ವರ್ಷದಲ್ಲಿ ಅವರನ್ನು ಗವರ್ನರ್ ಜನರಲ್ ವಜಾ ಮಾಡಿದ ಕಥೆ ಪ್ರಸಿದ್ಧ. ಅದಕ್ಕೆ ದಾರಿ ಮಾಡಿದ ಸಣ್ಣ ಘಟನೆ ಅಷ್ಟು ಪ್ರಸಿದ್ಧವಲ್ಲ. ಸೆನೆಟರ್ ಸ್ಥಾನ ತೆರವಾದರೆ ಅದೇ ಪಕ್ಷದವರನ್ನು ರಾಜ್ಯವು ಕಳಿಸುವುದು ಬರೀ ವಾಡಿಕೆಯಾಗಿತ್ತು. 1975ರಲ್ಲಿ ನ್ಯೂ ಸೌತ್ ವೇಲ್ಸ್‌ನ ಲಿಬರಲ್ ಪ್ರೀಮಿಯರ್ ಲೇಬರ್‌ನ ಖಾಲಿ ಸ್ಥಾನಕ್ಕೆ ಪಕ್ಷೇತರನೊಬ್ಬನನ್ನು ಕಳಿಸಿದರು, ಕ್ವೀನ್ಸ್‌ಲ್ಯಾಂಡ್ ಕೂಡ ವಾಡಿಕೆ ಮುರಿಯಿತು. ಸೆನೆಟ್‌ನ ಲೆಕ್ಕ ತಲೆಕೆಳಗಾಯಿತು. 1977ರ ಮೇ 21ರ ಜನಮತದಲ್ಲಿ ವಾಡಿಕೆಯೇ ಸಂವಿಧಾನದ 15ನೇ ವಿಧಿಯಾಗಿ ಬರೆಯಲ್ಪಟ್ಟಿತು. ‘ರಾಜಕೀಯ ಪಕ್ಷ’ ಎಂಬ ಮಾತು ಅಲ್ಲಿನ ಸಂವಿಧಾನಕ್ಕೆ ಹೊಕ್ಕಿದ್ದು ಆಗಲೇ. ನಮ್ಮಲ್ಲಿ ಅದೇ ಮಾತು ಹೊಕ್ಕಿದ್ದು ಎಂಟು ವರ್ಷದ ನಂತರ, ಮೇಲೆ ಹೇಳಿದ ಹತ್ತನೆಯ ಅನುಸೂಚಿಯ ಬಾಲ ಹಿಡಿದು. ಒಕ್ಕೂಟದ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರು ಅಚ್ಚಾದದ್ದು, ಪಕ್ಷಗಳಿಗೆ ಸರ್ಕಾರದ ಹಣ ಸಿಗತೊಡಗಿದ್ದು 1984ರಲ್ಲಿ. ಮತದಾರರ ತಾಪತ್ರಯ ಕಡಿಮೆ ಮಾಡಲು ಸೆನೆಟ್ ಮತಪತ್ರಕ್ಕೆ ಆಗಲೇ ಬಂದ ‘ಗೆರೆಯ ಮೇಲೆ ಒಂದೇ ಅಂಕಿ’ ಎಂಬ, ಪಕ್ಷವೊಂದರ ಚೌಕದಲ್ಲಿ 1 ಬರೆದರೆ ಸಾಕೆನ್ನುವ ಏರ್ಪಾಡಿನಿಂದ ಪ್ರಾಶಸ್ತ್ಯ ಹಂಚುವ ಅಧಿಕಾರ ಪಕ್ಷಗಳ ದಲ್ಲಾಳಿಗಳ ಕೈಗೆ ಹೋಯಿತು. 1999ರಲ್ಲಿ ನ್ಯೂ ಸೌತ್ ವೇಲ್ಸ್ ಮೇಲ್ಮನೆಗೆ 264 ಅಭ್ಯರ್ಥಿಗಳು ನಿಂತು, ಮತಪತ್ರ ಊಟದ ಮೇಜಿನ ಹೊದಿಕೆಯಷ್ಟಾಯಿತು. ಶೇ. 0.2 ಮತ ಪಡೆದವನೊಬ್ಬ ಗೆದ್ದ. ಆ ರಾಜ್ಯ ತಕ್ಷಣ ಬದಲಾಯಿಸಿತು, ಸೆನೆಟ್ 2016ರಲ್ಲಿ ಬದಲಾಯಿಸಿತು. ವಿಕ್ಟೋರಿಯಾ ಮಾತ್ರ 2022ರ ಚುನಾವಣೆಯಲ್ಲೂ ಹಳೆಯದನ್ನೇ ಬಳಸಿತು.

ಕಾಕಸ್‌ನ ಬಲಕ್ಕೆ ಇನ್ನೊಂದು ಮುಖವೂ ಇದೆ. 2010, 2013, 2015, 2018, ಹೀಗೆ ನಾಲ್ಕು ಬಾರಿ ಕುರ್ಚಿಯಲ್ಲಿದ್ದ ಪ್ರಧಾನಿಯನ್ನು ಸ್ವಂತ ಪಕ್ಷದ ಸಂಸದರೇ ಇಳಿಸಿದರು. ತಮ್ಮತಮ್ಮ ಸರದಿ ಮುಗಿದ ಮೇಲೆ ಲೇಬರ್, ಲಿಬರಲ್ ಎರಡೂ ಪಕ್ಷಗಳು ಇಳಿಸುವುದು ಕಷ್ಟವಾಗುವಂತೆ ನಿಯಮ ಬಿಗಿಮಾಡಿಕೊಂಡವು.

ಬೇಸತ್ತವರು ಪಕ್ಷದ ಹೊರಗೆ ದಾರಿ ಹುಡುಕಿದರು. 2022ರಲ್ಲಿ ‘ಟೀಲ್’ ಬಣ್ಣದ ಪಕ್ಷೇತರ ಮಹಿಳೆಯರು ಲಿಬರಲ್‌ಗಳ ಶ್ರೀಮಂತ ಬಡಾವಣೆಗಳನ್ನೇ ಕಸಿದುಕೊಂಡರು: ಸಿಡ್ನಿಯಲ್ಲಿ ವೆಂಟ್‌ವರ್ತ್, ಮೆಕೆಲರ್, ನಾರ್ತ್ ಸಿಡ್ನಿ; ಮೆಲ್ಬರ್ನ್‌ನಲ್ಲಿ ಗೋಲ್ಡ್‌ಸ್ಟೈನ್ ಮತ್ತು ಸಾಕ್ಷಾತ್ ಮೆನ್ಜೀಸ್‌ರ ಕೂಯಾಂಗ್. ಗೋಲ್ಡ್‌ಸ್ಟೈನ್ ಕ್ಷೇತ್ರದ ಹೆಸರು ವೀಡಾ ಗೋಲ್ಡ್‌ಸ್ಟೈನ್‌ರದು. 1903ರಲ್ಲಿ ಯಾವ ಪಕ್ಷಕ್ಕೂ ಸೇರದೆ ಸೆನೆಟ್‌ಗೆ ನಿಂತ ಮೆಲ್ಬರ್ನ್ ಹೆಣ್ಣುಮಗಳು. 2025ರಲ್ಲಿ ಆ ಕ್ಷೇತ್ರ ಮತ್ತೆ ಲಿಬರಲ್ ಆಯಿತು. ಸಿಡ್ನಿಯ ಬ್ರ್ಯಾಡ್‌ಫೀಲ್ಡ್ 26 ಮತಗಳ ಅಂತರದಲ್ಲಿ ಪಕ್ಷೇತರರ ಪಾಲಾಯಿತು. ಲೇಬರ್ 150ರಲ್ಲಿ 94 ಗೆದ್ದಿತು.

ವಲಸಿಗರ ಬಡಾವಣೆಗಳು ಈಗ ಎರಡೂ ಪಕ್ಷಗಳ ಕಣ್ಣಿಗೆ ಬಿದ್ದಿವೆ. ಇದರಲ್ಲಿ ಕೊಳಕೂ ಇದೆ. ಟಿಕೆಟ್ ಹಂಚುವ ಶಾಖೆಯಲ್ಲಿ ಕೈಯೆತ್ತಲೆಂದು ಊರವರ ಹೆಸರಿನಲ್ಲಿ ಸದಸ್ಯತ್ವ ತುಂಬಿಸಿ ಚಂದಾ ಬೇರೆಯವರು ಕಟ್ಟುವ ದಂಧೆ ವಿಕ್ಟೋರಿಯಾ ಲೇಬರ್‌ನಲ್ಲಿ 2020ರಲ್ಲಿ ಬಯಲಾಯಿತು. ಒಕ್ಕೂಟದ ಪಕ್ಷ ಆ ರಾಜ್ಯ ಘಟಕದ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ನೇರ ದಾರಿಯಲ್ಲಿ ಬಂದವರೂ ಇದ್ದಾರೆ. 2023ರ ಮಾರ್ಚ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಲೇಬರ್ ಗೆದ್ದಾಗ ಭಾರತೀಯ ಮೂಲದ ಡೇನಿಯಲ್ ಮುಖಿ ಖಜಾನೆ ಸಚಿವರಾದರು. ಸಿಡ್ನಿಯ ನೈಋತ್ಯದ ಲಿವರ್‌ಪೂಲ್ ಕ್ಷೇತ್ರದಿಂದ ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಚರಿಷ್ಮಾ ಕಾಳಿಯಂಡ ಶಾಸಕಿಯಾದರು. ಅದಕ್ಕೆ ಮೊದಲು ಅವರು ಅಲ್ಲಿನ ನಗರಸಭೆಯ ಸದಸ್ಯೆ.

ಕನ್ನಡಿಗ ಮನೆಗಳಲ್ಲಿ ಪಕ್ಷದ ಮಾತಿಗಿಂತ ಮೊದಲು ಬರುವುದು ಪಾಸ್‌ಪೋರ್ಟಿನ ಮಾತು. ಒಕ್ಕೂಟದ ಮತ ಬೇಕಾದರೆ ಆಸ್ಟ್ರೇಲಿಯಾದ ಪೌರತ್ವ ಬೇಕು. ಅದನ್ನು ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ, ಉಳಿಯುವುದು ಒಸಿಐ ಕಾರ್ಡು. ಸಂಸತ್ತಿಗೆ ನಿಲ್ಲಬೇಕಾದರೆ ಸಂವಿಧಾನದ 44ನೇ ವಿಧಿ ಇನ್ನೊಂದು ದೇಶದ ಪೌರತ್ವದ ಎಳೆಯೂ ಇರಬಾರದೆನ್ನುತ್ತದೆ. 2017ರಲ್ಲಿ ಈ ವಿಧಿ ಒಬ್ಬರ ಹಿಂದೊಬ್ಬರಂತೆ ಸಂಸದರ ಕುರ್ಚಿ ಕಸಿಯಿತು. ಅಪ್ಪ ಅಮ್ಮ ಎಲ್ಲಿ ಹುಟ್ಟಿದರೆಂಬ ಕಾಗದ ಹುಡುಕಿಕೊಂಡು ಕೂತವರಲ್ಲಿ ಹೆಚ್ಚಿನವರು ಬ್ರಿಟನ್, ನ್ಯೂಜಿಲೆಂಡ್, ಇಟಲಿ ಮೂಲದವರು.